ಕೆಲಸದ ಜೊತೆಗೆ ದೂರಶಿಕ್ಷಣದ ಬಿ.ಕಾಂ.: ಓದಿದವರ ಅನುಭವ ಬೇಕಾಗಿದೆ

ಪ್ರಶ್ನೆ (ಶಿರಸಿಯಿಂದ)

ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಹುಬ್ಬಳ್ಳಿಯ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಕೆಲಸ ಸಿಕ್ಕಿದ್ದು, ಅದನ್ನು ಬಿಡುವಂತಹ ಪರಿಸ್ಥಿತಿ ಮನೆಯಲ್ಲಿಲ್ಲ. ದೂರಶಿಕ್ಷಣದಲ್ಲಿ ಬಿ.ಕಾಂ. ಮಾಡುತ್ತೇನೆಂದರೆ ನೆಂಟರು ‘ಕರೆಸ್ಪಾಂಡೆನ್ಸ್ ಡಿಗ್ರಿಗೆ ಬೆಲೆಯಿಲ್ಲ’ ಎನ್ನುತ್ತಾರೆ. ಹೀಗೆ ಓದಿದವರು ತಮಗೆ ನಿಜವಾಗಿ ಆದ ಅನುಕೂಲಗಳನ್ನು ತಿಳಿಸಬೇಕೆಂದು ವಿನಂತಿ.

ಹಾಸನದಿಂದ

ತಂಗಿ, ನಾನು ಇಗ್ನೊದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಬಿ.ಕಾಂ. ಓದಿದ್ದು ಇಂಥದ್ದೇ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಲೇ. ಸಂಬಳ ನಿಲ್ಲಲಿಲ್ಲ, ಪೇಯಿಂಗ್ ಗೆಸ್ಟ್ ಕೋಣೆಯ ಬಾಡಿಗೆಯ ಹೊರೆ ಬೀಳಲಿಲ್ಲ ಎಂಬುದು ಎಲ್ಲರಿಗೂ ಕಾಣುವ ಲಾಭ. ಅದಕ್ಕಿಂತ ದೊಡ್ಡದೆಂದು ನನಗೆ ಅನ್ನಿಸಿದ್ದು ಓದು ಮತ್ತು ಕೆಲಸ ಒಂದಕ್ಕೊಂದು ಒದಗಿ ಬಂದ ರೀತಿ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಎಂಬುದರ ವ್ಯಾಖ್ಯೆಯನ್ನು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದೆ. ಆದರೆ ತಿಂಗಳ 20ರೊಳಗೆ ಜಿಎಸ್‌ಟಿಆರ್-3ಬಿ ಎಂಬ ಮಾಸಿಕ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕಾದ ಗಡಿಬಿಡಿಯಲ್ಲಿ, ಹಾರ್ಡ್‌ವೇರ್ ಅಂಗಡಿಯವರು ತಂದುಕೊಟ್ಟ ಖರೀದಿ ಬಿಲ್ಲುಗಳನ್ನು ಮಾರಿದವರು ತೋರಿಸಿದ ಬಿಲ್ಲುಗಳಿರುವ ಜಿಎಸ್‌ಟಿಆರ್-2ಬಿ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡುವಾಗ, ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸದ ಬಿಲ್ಲಿಗೆ ಕ್ರೆಡಿಟ್ ಸಿಗುವುದಿಲ್ಲವೆಂದು ಕಂಡ ಮೇಲೆಯೇ ಆ ವ್ಯಾಖ್ಯೆ ತಲೆಗೆ ಹತ್ತಿತು. ತರಗತಿಯಲ್ಲಿ ಕುಳಿತು ಓದಿದ ನನ್ನ ಗೆಳತಿಯರಿಗೆ ಈ ಅವಕಾಶ ಪದವಿ ಮುಗಿದ ನಂತರ ದೊರೆಯಿತು.

ಸಮಯದ ಸಡಿಲಿಕೆಯೂ ಸಣ್ಣ ಮಾತಲ್ಲ. ಮೂರು ವರ್ಷದ ಪದವಿಯನ್ನು ಆರು ವರ್ಷದೊಳಗೆ ಮುಗಿಸಲು ಅವಕಾಶವಿತ್ತು, ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತಿತ್ತು. ಆದಾಯ ತೆರಿಗೆ ರಿಟರ್ನ್‌ಗಳ ಕೆಲಸ ಏರುವ ಜೂನ್‌ನಲ್ಲಿ ಕಡಿಮೆ ಪತ್ರಿಕೆಗಳನ್ನು ಬರೆದು, ಉಳಿದವನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳುತ್ತಿದ್ದೆ. ಅಸೈನ್‌ಮೆಂಟ್‌ಗಳಿಗೆ ಶೇ 30ರಷ್ಟು ಅಂಕಗಳಿದ್ದುದರಿಂದ ಅವನ್ನು ಶ್ರದ್ಧೆಯಿಂದ ಬರೆದವರಿಗೆ ಪರೀಕ್ಷೆಯ ಭಯ ಅಷ್ಟರಮಟ್ಟಿಗೆ ಕಡಿಮೆ. ಹಾಜರಿ ಕೇಳುವವರು ಯಾರೂ ಇಲ್ಲದ ಕಾರಣ, ಸ್ವಂತ ಶಿಸ್ತಿಲ್ಲದವರಿಗೆ ಇದೇ ಸಡಿಲಿಕೆ ಮುಳುವಾಗುತ್ತದೆ ಎಂಬುದನ್ನೂ ಹೇಳಲೇಬೇಕು.

ಮೈಸೂರಿನಿಂದ

ನಿಮ್ಮ ನೆಂಟರ ಮಾತಿಗೆ ಮಾತ್ರ ಉತ್ತರಿಸುತ್ತೇನೆ. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳು ಸಾಮಾನ್ಯ ಕಾಲೇಜಿನ ಪದವಿಗೆ ಸಮಾನವೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆದರೂ ಅವರ ಅನುಮಾನ ಪೂರ್ತಿ ಗಾಳಿಮಾತಲ್ಲ. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣದಿಂದ ಬೆಳೆದು 1996ರಲ್ಲಿ ಸ್ವತಂತ್ರವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ. ಅದು ಮರಳಿ ದೊರೆತದ್ದು 2018ರಲ್ಲಿ. ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಗಳ ಪಾಡು ಊರೂರಿಗೂ ಗೊತ್ತು. ಆದ್ದರಿಂದ ಸಂಸ್ಥೆಯ ಹೆಸರನ್ನಷ್ಟೇ ನೋಡದೆ, ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೇ ಅನುಮತಿಯಿದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ನೋಡಿಕೊಂಡೇ ಶುಲ್ಕ ಕಟ್ಟಿ.

ಕನ್ನಡ ಮಾಧ್ಯಮದಲ್ಲಿ ಓದಿದವರಾದರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವನ್ನು ಮೊದಲು ವಿಚಾರಿಸಿ. ಕನ್ನಡದ ಸಿದ್ಧಪಾಠ ಕೈಯಲ್ಲಿದ್ದು, ಉತ್ತರವನ್ನೂ ಕನ್ನಡದಲ್ಲೇ ಬರೆಯುವ ಅನುಕೂಲ ನನ್ನ ಪಾಲಿಗೆ ಉಳಿದೆಲ್ಲ ಲಾಭಗಳಿಗಿಂತ ಮಿಗಿಲಾಗಿತ್ತು.

ಧಾರವಾಡದಿಂದ

ನಾನು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಲೇ ದೂರಶಿಕ್ಷಣದಲ್ಲಿ ಬಿ.ಎ. ಮಾಡುತ್ತಿದ್ದೇನೆ, ಏಕಕಾಲದಲ್ಲಿ ಎರಡು ಪದವಿಗಳನ್ನು ಓದಲು ಯುಜಿಸಿ 2022ರಿಂದ ಅವಕಾಶ ಕೊಟ್ಟಿದೆ. ಎರಡೂ ಪರೀಕ್ಷೆಗಳು ಒಂದೇ ದಿನ ಬೀಳುವ ಸಂಭವವಿರುವುದರಿಂದ ವೇಳಾಪಟ್ಟಿ ಬಂದ ದಿನವೇ ಹೊಂದಿಸಿ ನೋಡಬೇಕಾಗುತ್ತದೆ. ಪ್ರಶ್ನೆ ಕೇಳಿದ ಅಕ್ಕನವರಿಗೆ ಒಂದು ಸಲಹೆ: ಇಗ್ನೊದ ಪಠ್ಯಗಳು ಇ-ಜ್ಞಾನಕೋಶ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪ್ರವೇಶ ಪಡೆಯುವ ಮೊದಲೇ ಲೆಕ್ಕಶಾಸ್ತ್ರದ ಒಂದು ಘಟಕವನ್ನು ಇಳಿಸಿಕೊಂಡು, ಕಚೇರಿ ಕೆಲಸ ಮುಗಿಸಿ ಬಂದ ರಾತ್ರಿಗಳಲ್ಲಿ ಒಂದು ವಾರ ಓದಿ ನೋಡಿ. ಓದು ಸಾಗಿದರೆ ಅರ್ಜಿ ಹಾಕಿ. ಪ್ರವೇಶಾತಿ ಜನವರಿ, ಜುಲೈ ಎರಡೂ ಅವಧಿಗಳಲ್ಲಿ ಇರುವುದರಿಂದ ಅವಸರಪಡಬೇಕಾದ ಕಾರಣವಿಲ್ಲ.