ಮುಟ್ಟು ನಿಂತ ಮೇಲೆ ಹಾರ್ಮೋನ್ ಚಿಕಿತ್ಸೆ: ಯಾರಿಗೆ ಬೇಕು, ಯಾರಿಗೆ ಬೇಡ? ಸ್ತ್ರೀರೋಗ ತಜ್ಞೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ದಾವಣಗೆರೆಯ ಪ್ರೌಢಶಾಲಾ ಶಿಕ್ಷಕಿ, 52 ವರ್ಷ

ನಮಸ್ಕಾರ ಡಾಕ್ಟರ್. ನನಗೆ ಮುಟ್ಟು ನಿಂತು ಎರಡು ವರ್ಷವಾಯಿತು. ಪಾಠ ಮಾಡುತ್ತಿರುವಾಗಲೇ ಎದೆಯಿಂದ ಮುಖಕ್ಕೆ ಬಿಸಿ ಏರುತ್ತದೆ, ರವಿಕೆ ಬೆವರಿನಲ್ಲಿ ತೊಯ್ದುಹೋಗುತ್ತದೆ. ಮಕ್ಕಳ ಮುಂದೆ ಮುಖ ಒರೆಸಿಕೊಳ್ಳುತ್ತಾ ನಿಲ್ಲುವುದು ಬಹಳ ಮುಜುಗರ. ರಾತ್ರಿ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಬೆಳಗ್ಗೆ ಏಳುವಾಗಲೇ ಸುಸ್ತು. ಸಣ್ಣ ಮಾತಿಗೂ ಮನೆಯವರ ಮೇಲೆ ರೇಗುತ್ತೇನೆ. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತೇನೆ, ಹತೋಟಿಯಲ್ಲಿದೆ. ಗರ್ಭಕೋಶ ತೆಗೆಸಿಲ್ಲ. ಅಮ್ಮನ ತಂಗಿಗೆ 68ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಕೇಳಿದ್ದಕ್ಕೆ ಒಬ್ಬ ವೈದ್ಯರು, ಎಲ್ಲ ಹೆಂಗಸರಿಗೂ ಬರುವುದೇ, ಸಹಿಸಿಕೊಳ್ಳಿ ಎಂದರು. ನನ್ನ ಅಕ್ಕ ಕ್ಯಾನ್ಸರ್ ಬರುತ್ತದೆ, ಅದರ ತಂಟೆಗೇ ಹೋಗಬೇಡ ಎನ್ನುತ್ತಾಳೆ. ನಾನು ಶುರು ಮಾಡಬಹುದೇ?

ಉತ್ತರ:

ಮೇಡಂ, ನೀವು ಬರೆದಿರುವುದನ್ನು ನೋಡಿದರೆ ಈ ಚಿಕಿತ್ಸೆ ನಿಮ್ಮಂಥವರಿಗಾಗಿಯೇ ಇರುವುದು. ಸಹಿಸಿಕೊಳ್ಳಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಿಸಿ ಏರುವ ತೊಂದರೆ ನಾಲ್ಕು ದಿನ ಇದ್ದು ಹೋಗುವಂಥದ್ದಲ್ಲ. ಅನೇಕರಲ್ಲಿ ಏಳು ವರ್ಷಕ್ಕೂ ಹೆಚ್ಚು ಕಾಲ ಇರುತ್ತದೆ. ಅಷ್ಟು ವರ್ಷ ನಿದ್ದೆಗೆಟ್ಟು ಕೆಲಸ ಮಾಡಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ನಿಮ್ಮ ಅಕ್ಕನ ಭಯ ಎಲ್ಲಿಂದ ಬಂದಿತೆಂದು ಹೇಳುತ್ತೇನೆ. ಅಮೆರಿಕದಲ್ಲಿ ಮಹಿಳೆಯರ ಆರೋಗ್ಯದ ಬಗ್ಗೆ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದರಲ್ಲಿ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಕೃತಕ ಔಷಧ) ಎರಡನ್ನೂ ಕೊಡುತ್ತಿದ್ದ ಭಾಗವನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಿದರು. ಹಾರ್ಮೋನ್‌ನಿಂದ ಕ್ಯಾನ್ಸರ್ ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿ, ಲಕ್ಷಾಂತರ ಮಹಿಳೆಯರು ಔಷಧ ಬಿಟ್ಟರು. ಆದರೆ ಅಂಕಿಗಳನ್ನು ಬಿಡಿಸಿ ನೋಡಿ. ಎರಡೂ ಗುಂಪಿನಲ್ಲಿ ತಲಾ 10 ಸಾವಿರ ಮಹಿಳೆಯರನ್ನು ಒಂದು ವರ್ಷ ಗಮನಿಸಿದರೆ, ಔಷಧವಿಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ 30 ಮಂದಿಗೆ, ಹಾರ್ಮೋನ್ ತೆಗೆದುಕೊಂಡವರಲ್ಲಿ 38 ಮಂದಿಗೆ ಸ್ತನ ಕ್ಯಾನ್ಸರ್ ಕಂಡಿತ್ತು. ಅಂದರೆ ಹೆಚ್ಚಾದದ್ದು ಎಂಟು. ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ ಇಳಿದಿತ್ತು, ಇದನ್ನು ಹೇಳಿದವರು ಕಡಿಮೆ. ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲೇ ಇಲ್ಲ. ಇನ್ನೂ ಮುಖ್ಯವಾದ ವಿಷಯವೆಂದರೆ, ಆ ಅಧ್ಯಯನಕ್ಕೆ ಸೇರಿದವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತು ವರ್ಷ ಕಳೆದ ಮೇಲೆ ಮೊದಲ ಬಾರಿಗೆ ಹಾರ್ಮೋನ್ ಪಡೆದವರೇ ಬಹಳ ಮಂದಿ. 52ರ ನಿಮಗೆ ಆ ಲೆಕ್ಕವನ್ನು ಹಾಗೆಯೇ ಹಚ್ಚುವುದು ಸರಿಯಲ್ಲ.

ಈಗ ತಜ್ಞರ ಸಂಘಗಳು ಒಪ್ಪಿರುವ ಮಾತು ಇದು: ವಯಸ್ಸು 60 ದಾಟಿರಬಾರದು ಅಥವಾ ಮುಟ್ಟು ನಿಂತು 10 ವರ್ಷ ಕಳೆದಿರಬಾರದು, ತೊಂದರೆ ಇರಬೇಕು, ಅಡ್ಡಿಯಾಗುವ ಕಾಯಿಲೆ ಇರಬಾರದು. ಅಂಥವರಲ್ಲಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಈ ಔಷಧಗಳ ಮೇಲಿದ್ದ ಹೃದ್ರೋಗ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆಯ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವುದಾಗಿ ಪ್ರಕಟಿಸಿತು. ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರಕ್ಕೆ ಕ್ಯಾನ್ಸರ್ ಬರಬಹುದೆಂಬ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಂಡಿತು.

ಆ ಕೊನೆಯ ವಾಕ್ಯ ನಿಮಗೂ ಅನ್ವಯಿಸುತ್ತದೆ, ಏಕೆಂದರೆ ನಿಮ್ಮ ಗರ್ಭಕೋಶ ಇದೆ. ಈಸ್ಟ್ರೋಜನ್ ಒಳಪದರವನ್ನು ಬೆಳೆಸುತ್ತದೆ. ಪ್ರೊಜೆಸ್ಟರಾನ್ ಅದನ್ನು ತಡೆಯುತ್ತದೆ. ಹಾಗಾಗಿ ಎರಡೂ ಬೇಕು. ನಿಮಗೆ ರಕ್ತದೊತ್ತಡ ಇರುವುದರಿಂದ ನುಂಗುವ ಈಸ್ಟ್ರೋಜನ್ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್ ಒಳ್ಳೆಯದೆಂದು ನನ್ನ ಅಭಿಪ್ರಾಯ. ಮಾತ್ರೆ ಮೊದಲು ಯಕೃತ್ತಿನ ಮೂಲಕ ಹಾದುಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಜೆಲ್ ನೇರವಾಗಿ ರಕ್ತಕ್ಕೆ ಸೇರುವುದರಿಂದ ಆ ಅಪಾಯ ಹೆಚ್ಚಿದ್ದು ಕಂಡುಬಂದಿಲ್ಲ. ಜೊತೆಗೆ ರಾತ್ರಿ ಮಲಗುವಾಗ 100 ಮಿಲಿಗ್ರಾಂ ಮೈಕ್ರೊನೈಸ್ಡ್ (ಬಹಳ ಸಣ್ಣ ಕಣಗಳಾಗಿಸಿದ) ಪ್ರೊಜೆಸ್ಟರಾನ್ ಸಾಮಾನ್ಯವಾಗಿ ಕೊಡುವ ಪ್ರಮಾಣ. ಅದು ಸ್ವಲ್ಪ ಮಂಪರು ತರುತ್ತದೆ, ನಿಮ್ಮ ನಿದ್ದೆಗೆ ಅದೂ ಒಂದು ಉಪಕಾರವೇ. ಆದರೆ ಮಂಪರು ಬೇಡವೆಂದು ಅದನ್ನು ಬಿಟ್ಟು ಜೆಲ್ ಮಾತ್ರ ಮುಂದುವರಿಸುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಚಿಕ್ಕಮ್ಮನ ವಿಷಯ: ಇಳಿವಯಸ್ಸಿನಲ್ಲಿ ಒಬ್ಬ ಚಿಕ್ಕಮ್ಮನಿಗೆ ಕ್ಯಾನ್ಸರ್ ಬಂದದ್ದು ನಿಮಗೆ ಅಡ್ಡಿಯಲ್ಲ. ಅಮ್ಮ ಅಥವಾ ಅಕ್ಕತಂಗಿಯರಿಗೆ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ ನಾನು ಇನ್ನಷ್ಟು ಕೇಳುತ್ತಿದ್ದೆ.

ಶುರು ಮಾಡುವ ಮುನ್ನ ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಅಂಶ, ಯಕೃತ್ತಿನ ಪರೀಕ್ಷೆ, ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ), ಗರ್ಭಕೋಶದ ಸ್ಕ್ಯಾನಿಂಗ್ ಮಾಡಿಸಿ. ಥೈರಾಯ್ಡ್ ಕೂಡ ನೋಡಿಸಿ, ಏಕೆಂದರೆ ಅದು ಹೆಚ್ಚಾದರೂ ಹೀಗೆಯೇ ಬೆವರುತ್ತದೆ. ಹಾರ್ಮೋನ್ ಮಟ್ಟದ ದುಬಾರಿ ಪರೀಕ್ಷೆಗಳು ನಿಮ್ಮ ವಯಸ್ಸಿಗೆ ಬೇಕಿಲ್ಲ. ವರ್ಷವಿಡೀ ಮುಟ್ಟಾಗದಿದ್ದರೆ ಅದೇ ಸಾಕ್ಷಿ.

ಪ್ರಶ್ನೆ: ಅದೇ ಶಿಕ್ಷಕಿ

ತುಂಬಾ ಧನ್ಯವಾದ ಡಾಕ್ಟರ್, ಓದಿ ಸಮಾಧಾನವಾಯಿತು. ಎಷ್ಟು ದಿನಕ್ಕೆ ಗುಣ ಕಾಣುತ್ತದೆ? ಎಷ್ಟು ವರ್ಷ ತೆಗೆದುಕೊಳ್ಳಬೇಕು? ಮನೆಯಲ್ಲಿ ಚಿಕ್ಕ ಮೊಮ್ಮಗು ಇದೆ, ಜೆಲ್ ಹಚ್ಚಿಕೊಂಡು ಎತ್ತಿಕೊಳ್ಳಬಹುದೇ?

ಉತ್ತರ:

ಮೊಮ್ಮಗುವಿನ ಬಗ್ಗೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಜೆಲ್ ಮಗುವಿನ ಚರ್ಮಕ್ಕೆ ತಗಲಬಾರದು. ತೋಳಿನ ಅಥವಾ ತೊಡೆಯ ಮೇಲೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಬಟ್ಟೆಯಿಂದ ಮುಚ್ಚಿ, ಕೈ ತೊಳೆಯಿರಿ. ಕನಿಷ್ಠ ಒಂದು ಗಂಟೆ ಆ ಜಾಗ ಯಾರಿಗೂ ತಾಗದಂತೆ ನೋಡಿಕೊಳ್ಳಿ. ಸ್ತನದ ಮೇಲೆ ಹಚ್ಚಬೇಡಿ.

ಕೆಲವೇ ವಾರಗಳಲ್ಲಿ ಬಿಸಿ ಕಡಿಮೆಯಾಗುತ್ತದೆ, ಪೂರ್ಣ ಪರಿಣಾಮ ತಿಳಿಯಲು ಮೂರು ತಿಂಗಳು ಕೊಡಿ. ಆಗ ಒಮ್ಮೆ ವೈದ್ಯರನ್ನು ಕಂಡು ಪ್ರಮಾಣ ಸರಿಹೊಂದಿಸಿಕೊಳ್ಳಿ, ಬಳಿಕ ವರ್ಷಕ್ಕೊಮ್ಮೆ. ಇಷ್ಟೇ ವರ್ಷ ಎಂಬ ಗಡುವು ಇಲ್ಲ. ಎರಡೂ ಹಾರ್ಮೋನ್ ತೆಗೆದುಕೊಳ್ಳುವವರಲ್ಲಿ ವರ್ಷಗಳು ಹೆಚ್ಚಿದಂತೆ ಸ್ತನ ಕ್ಯಾನ್ಸರ್‌ನ ಸಾಧ್ಯತೆ ಸ್ವಲ್ಪ ಸ್ವಲ್ಪವೇ ಏರುವುದರಿಂದ, ಪ್ರತಿ ವರ್ಷವೂ ಇನ್ನೂ ಬೇಕೇ ಎಂದು ಕೇಳಿಕೊಳ್ಳಬೇಕು. ಬಿಡುವಾಗ ನಿಧಾನವಾಗಿ ಪ್ರಮಾಣ ಇಳಿಸಿದರೆ ಬಿಸಿ ಥಟ್ಟನೆ ಮರಳುವುದು ಕಡಿಮೆ.

ಪ್ರಶ್ನೆ: ಕಲಬುರಗಿ ಜಿಲ್ಲೆಯ ಆಶಾ ಕಾರ್ಯಕರ್ತೆ

ಮೇಡಂ, ನಮ್ಮ ತಾಂಡಾದ ಒಬ್ಬ ಹೆಣ್ಣುಮಗಳ ಪರವಾಗಿ ಕೇಳುತ್ತಿದ್ದೇನೆ. ಅವಳಿಗೆ 38 ವರ್ಷ. ಬಿಳಿ ಮುಟ್ಟು ಮತ್ತು ಸೊಂಟನೋವು ಎಂದು ಹೋದಾಗ, 34ನೇ ವಯಸ್ಸಿನಲ್ಲಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗರ್ಭಚೀಲ ತೆಗೆದರು. ಅಂದಿನಿಂದ ಮೈಯೆಲ್ಲ ಉರಿ, ಕೀಲುನೋವು. ಗಂಡನ ಹತ್ತಿರ ಹೋಗಲು ಭಯಪಡುತ್ತಾಳೆ. ಕೂಲಿಗೆ ಹೋಗಲು ಆಗುತ್ತಿಲ್ಲ. ಯಾವ ಮಾತ್ರೆಯನ್ನೂ ಬರೆದುಕೊಟ್ಟಿಲ್ಲ. ಅವಳಿಗೆ ಇದು ಕೊಡಬಹುದೇ, ಇಷ್ಟು ಸಣ್ಣ ವಯಸ್ಸಿನವಳಿಗೆ?

ಉತ್ತರ:

ಅಕ್ಕಾ, ನೀವು ಕೇಳಿದ್ದಕ್ಕೆ ನಾನು ಋಣಿ. ಇಲ್ಲಿ ಪ್ರಶ್ನೆ ಕೇಳಿದ ಎಲ್ಲರಿಗಿಂತ ಈ ಚಿಕಿತ್ಸೆ ಹೆಚ್ಚು ಅಗತ್ಯವಿರುವುದು ಬಹುಶಃ ಅವಳಿಗೇ. ಸಣ್ಣ ವಯಸ್ಸು ಎಂಬುದೇ ಕೊಡಲು ಕಾರಣ, ಕೊಡದಿರಲು ಅಲ್ಲ.

ಮೊದಲು ಅವಳ ಡಿಸ್ಚಾರ್ಜ್ ಕಾರ್ಡ್ ಹುಡುಕಿಸಿ. ಅದರಲ್ಲಿ ಬಿ.ಎಸ್.ಒ. ಎಂಬ ಮೂರು ಅಕ್ಷರಗಳಿದ್ದರೆ ಎರಡೂ ಕಡೆಯ ಅಂಡಾಶಯಗಳನ್ನು ತೆಗೆದಿದ್ದಾರೆ ಎಂದರ್ಥ. ಗರ್ಭಚೀಲ ತೆಗೆದದ್ದು ಮಾತ್ರ ಹೆಣ್ಣುಮಕ್ಕಳಿಗೆ ಗೊತ್ತಿರುತ್ತದೆ. ಅಂಡಾಶಯದ ವಿಷಯ ಅನೇಕರಿಗೆ ಯಾರೂ ಹೇಳಿರುವುದೇ ಇಲ್ಲ. ಈಸ್ಟ್ರೋಜನ್ ತಯಾರಾಗುವುದು ಅಂಡಾಶಯದಲ್ಲಿ. ಎರಡನ್ನೂ ತೆಗೆದರೆ, ನಿಧಾನವಾಗಿ ಕೆಲವು ವರ್ಷಗಳಲ್ಲಿ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗುತ್ತದೆ. ಉರಿ ಅದರ ಒಂದು ಮುಖ ಮಾತ್ರ. ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಸಾಧ್ಯತೆ ಏರುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತು ದುಡಿಯುವ ಹೆಣ್ಣುಮಗಳ ಮೂಳೆ 45ಕ್ಕೇ ಟೊಳ್ಳಾದರೆ ಅವಳ ಮನೆ ನಡೆಯುವುದು ಹೇಗೆ?

ಭಾರತದಲ್ಲಿ ಮುಟ್ಟು ತಾನಾಗಿ ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47. ಕನಿಷ್ಠ ಅಲ್ಲಿಯವರೆಗೆ, ಸಾಧ್ಯವಾದರೆ 50ರ ಹತ್ತಿರದವರೆಗೆ ಅವಳು ಹಾರ್ಮೋನ್ ತೆಗೆದುಕೊಳ್ಳಬೇಕು. 2002ರ ಭಯದ ಅಂಕಿಗಳು ಅವಳಿಗೆ ಸಂಬಂಧಿಸಿದ್ದೇ ಅಲ್ಲ. ಅವಳ ದೇಹದಲ್ಲಿ ಇನ್ನೂ ಇರಬೇಕಾಗಿದ್ದನ್ನು ಮರಳಿ ಕೊಡುತ್ತಿದ್ದೇವೆ, ಅಷ್ಟೇ. ಗರ್ಭಚೀಲ ಇಲ್ಲದಿರುವುದರಿಂದ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಶಸ್ತ್ರಚಿಕಿತ್ಸೆಯಲ್ಲಿ ಎಂಡೊಮೆಟ್ರಿಯೊಸಿಸ್ (ಗರ್ಭಚೀಲದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ಕಂಡಿತ್ತೆಂದು ಕಾರ್ಡಿನಲ್ಲಿದ್ದರೆ ವೈದ್ಯರಿಗೆ ತೋರಿಸಿ, ಆಗ ಪ್ರೊಜೆಸ್ಟರಾನ್ ಕೂಡ ಬೇಕಾಗಬಹುದು.

ಕಾರ್ಡ್ ಸಿಗದಿದ್ದರೆ ಕೈಚೆಲ್ಲಬೇಡಿ. ಅವಳ ವಯಸ್ಸಿಗೆ ಎಫ್.ಎಸ್.ಎಚ್. (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನ್) ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್‌ನಿಂದ ಅಂಡಾಶಯದ ಸ್ಥಿತಿ ತಿಳಿಯುತ್ತದೆ. ಅಂಡಾಶಯ ಉಳಿಸಿದ್ದರೂ, ಗರ್ಭಚೀಲ ತೆಗೆದವರಲ್ಲಿ ಅದು ಬೇಗ ನಿಲ್ಲುವುದುಂಟು. ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ನೀವೇ ಜೊತೆಗೆ ಕರೆದುಕೊಂಡು ಹೋಗಿ. ಗರ್ಭಚೀಲ ತೆಗೆದು ನಾಲ್ಕು ವರ್ಷವಾಯಿತು, ಅಂಡಾಶಯ ಇಲ್ಲದಿದ್ದರೆ ಅಥವಾ ಕೆಲಸ ನಿಲ್ಲಿಸಿದ್ದರೆ ಹಾರ್ಮೋನ್ ಬೇಕು ಎಂದು ಸ್ಪಷ್ಟವಾಗಿ ಹೇಳಿ.

ಇನ್ನೊಂದು ಮಾತು, ತಾಂಡಾದ ಉಳಿದ ಹೆಣ್ಣುಮಕ್ಕಳಿಗಾಗಿ: ಬಿಳಿ ಮುಟ್ಟಿಗೆ ಗರ್ಭಚೀಲ ತೆಗೆಯುವುದು ಚಿಕಿತ್ಸೆಯಲ್ಲ. ಬಹುತೇಕ ಸೋಂಕುಗಳು ಮಾತ್ರೆಗೇ ವಾಸಿಯಾಗುತ್ತವೆ. ಯಾರಾದರೂ ಆಪರೇಷನ್ ಎಂದರೆ, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಇನ್ನೊಬ್ಬ ವೈದ್ಯರಿಗೆ ತೋರಿಸುವಂತೆ ಮಾಡಿ.

ಪ್ರಶ್ನೆ: ಶಿವಮೊಗ್ಗದಿಂದ ಒಬ್ಬ ಸೊಸೆ

ನಮ್ಮ ಅತ್ತೆಗೆ 67 ವರ್ಷ. ಮುಟ್ಟು ನಿಂತು ಸುಮಾರು 18 ವರ್ಷವಾಗಿದೆ. ಪದೇ ಪದೇ ಉರಿಮೂತ್ರ, ಕೆಳಗೆ ಒಣಗಿದಂತಾಗಿ ನೋವು. ಅವರಿಗೂ ಹಾರ್ಮೋನ್ ಮಾತ್ರೆ ಶುರು ಮಾಡಬಹುದೇ?

ಉತ್ತರ:

ಮಾತ್ರೆ ಬೇಡ. ಈ ವಯಸ್ಸಿನಲ್ಲಿ ಹೊಸದಾಗಿ ಶುರು ಮಾಡಿದರೆ ಪಾರ್ಶ್ವವಾಯು ಮತ್ತು ಹೃದಯದ ತೊಂದರೆಯ ಸಾಧ್ಯತೆ ಹೆಚ್ಚು. ಆದರೆ ಅತ್ತೆಯ ತೊಂದರೆಗೆ ಒಳ್ಳೆಯ ಪರಿಹಾರವಿದೆ: ಯೋನಿಯೊಳಗೆ ಹಚ್ಚುವ ಈಸ್ಟ್ರಿಯೋಲ್ (ಸೌಮ್ಯವಾದ ಈಸ್ಟ್ರೋಜನ್) ಕ್ರೀಮ್. ಮೊದಲ ಎರಡು ವಾರ ದಿನವೂ ರಾತ್ರಿ, ಬಳಿಕ ವಾರಕ್ಕೆ ಎರಡು ಬಾರಿ. ರಕ್ತಕ್ಕೆ ಸೇರುವುದು ಅತ್ಯಲ್ಪ, ವರ್ಷಗಟ್ಟಲೆ ಬಳಸಬಹುದು, ಉರಿಮೂತ್ರವೂ ಕಡಿಮೆಯಾಗುತ್ತದೆ. ಹೇಳಿಕೊಳ್ಳಲು ಅವರು ನಾಚಿಕೊಂಡರೆ ವೈದ್ಯರ ಕೋಣೆಯಲ್ಲಿ ನೀವೇ ಮಾತು ತೆಗೆಯಿರಿ.

ಪ್ರಶ್ನೆ: ಹುಬ್ಬಳ್ಳಿ, 49 ವರ್ಷ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದಿದೆ, ಅದು ಮರಳದಂತೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬಿಸಿ ಏರುವುದು ತಡೆಯಲಾಗುತ್ತಿಲ್ಲ. ಸೋಯಾ, ಶತಾವರಿ ಪುಡಿ ತೆಗೆದುಕೊಳ್ಳಲೇ?

ಉತ್ತರ:

ನಿಮಗೆ ಹಾರ್ಮೋನ್ ಬೇಡ. ಹಾರ್ಮೋನ್‌ನಂತೆ ವರ್ತಿಸಬಹುದಾದ ಪುಡಿಗಳೂ ಬೇಡ. ವೆನ್ಲಾಫ್ಯಾಕ್ಸಿನ್ ಅಥವಾ ಗ್ಯಾಬಾಪೆಂಟಿನ್ ಎಂಬ ಔಷಧಗಳು ಹಾರ್ಮೋನ್ ಇಲ್ಲದೆಯೇ ಬಿಸಿಯನ್ನು ತಗ್ಗಿಸುತ್ತವೆ. ನಿಮ್ಮ ಕ್ಯಾನ್ಸರ್ ತಜ್ಞರಲ್ಲಿ ಇವುಗಳನ್ನು ಹೆಸರಿಸಿಯೇ ಕೇಳಿ. ಪ್ಯಾರಾಕ್ಸಿಟಿನ್ ಕೂಡ ಇದಕ್ಕೆ ಬಳಕೆಯಲ್ಲಿದೆ, ಆದರೆ ಅದು ಟ್ಯಾಮಾಕ್ಸಿಫೆನ್‌ನ ಶಕ್ತಿಯನ್ನು ಕುಂದಿಸುತ್ತದೆ, ನಿಮಗೆ ಅದು ಸಲ್ಲದು. ಇದೇ ಸಂದರ್ಭದಲ್ಲಿ ಉಳಿದವರಿಗೂ ಹೇಳಿಬಿಡುತ್ತೇನೆ: ಹೃದಯಾಘಾತ, ಪಾರ್ಶ್ವವಾಯು ಆಗಿದ್ದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದೆ ರಕ್ತಸ್ರಾವ ಆಗುತ್ತಿರುವವರು ತಜ್ಞರ ಮಾತಿಲ್ಲದೆ ಹಾರ್ಮೋನ್ ಮುಟ್ಟಬಾರದು. ಔಷಧದ ಅಂಗಡಿಯಲ್ಲಿ ಕೇಳಿ ಕೊಂಡುಕೊಳ್ಳುವ ವಸ್ತು ಇದಲ್ಲ.

ಪ್ರಶ್ನೆ: ಮೈಸೂರು, 54 ವರ್ಷ

ಜೆಲ್ ಮತ್ತು ಪ್ರೊಜೆಸ್ಟರಾನ್ ಶುರು ಮಾಡಿ ಎಂಟು ತಿಂಗಳಾಯಿತು. ಆರಾಮವಾಗಿದ್ದೆ. ಹೋದ ವಾರದಿಂದ ಸ್ವಲ್ಪ ರಕ್ತ ಕಾಣಿಸುತ್ತಿದೆ. ಮದುವೆ ಕೆಲಸ ಇದೆ, ಮುಂದಿನ ತಿಂಗಳು ತೋರಿಸಿದರೆ ಸಾಕೇ?

ಉತ್ತರ:

ಸಾಲದು, ಈ ವಾರವೇ ತೋರಿಸಿ. ಶುರುವಿನ ಮೂರರಿಂದ ಆರು ತಿಂಗಳು ಅಲ್ಪಸ್ವಲ್ಪ ಕಾಣಿಸುವುದು ಸಾಮಾನ್ಯ, ದೇಹ ಹೊಂದಿಕೊಳ್ಳುತ್ತಿರುತ್ತದೆ. ಆರು ತಿಂಗಳ ನಂತರ, ಅದರಲ್ಲೂ ನಿಂತು ಮತ್ತೆ ಬಂದರೆ, ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರ ಎಷ್ಟು ದಪ್ಪವಾಗಿದೆ ಎಂದು ನೋಡಲೇಬೇಕು. ದಪ್ಪವಾಗಿದ್ದರೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಹೆಚ್ಚಿನ ಸಲ ಪ್ರೊಜೆಸ್ಟರಾನ್ ಪ್ರಮಾಣ ಬದಲಿಸಿದರೆ ಸರಿಹೋಗುತ್ತದೆ. ಯಾವುದಾದರೂ ರಾತ್ರಿ ಅದನ್ನು ಮರೆತಿದ್ದರೆ ಆ ವಿಷಯವನ್ನೂ ಮುಚ್ಚಿಡದೆ ವೈದ್ಯರಿಗೆ ಹೇಳಿ. ಸ್ಕ್ಯಾನಿಂಗ್ ವರದಿ ಬಂದ ಮೇಲೆ ಒಳಪದರದ ಅಳತೆಯನ್ನು ಇಲ್ಲಿ ಬರೆಯಿರಿ, ಮುಂದೇನೆಂದು ಹೇಳುತ್ತೇನೆ.