ನಿಧಾನದ ವಿಮಾನದ ಪಕ್ಕ ಜೆಟ್ ಹಾರುವುದು ಹೇಗೆ?

ಪ್ರಶ್ನೆ (ಬೀದರ್): ಮಾಳಿಗೆಯ ಮೇಲೆ ತೊಗರಿ ಹರವುವಾಗ ವಾಯುನೆಲೆಯ ಹಾಕ್ ತರಬೇತಿ ಜೆಟ್‌ಗಳು ತಲೆಯೆತ್ತುವಷ್ಟರಲ್ಲಿ ಕಣ್ಮರೆಯಾಗುತ್ತವೆ. ದಾರಿ ತಪ್ಪಿದ ವಿಮಾನವನ್ನು ತಡೆಯಲು ಹೋದ ಯುದ್ಧವಿಮಾನಗಳು, ಗಂಟೆಗೆ ಸುಮಾರು 225 ಕಿ.ಮೀ. ಹಾರುವ ಸೆಸ್ನಾ 172 ಎಂಬ ಸಣ್ಣ ವಿಮಾನದ ಜೊತೆ ಸಾಗುವುದು ಹೇಗೆ? ಮಗಳು ಕೇಳಿದ್ದಾಳೆ, ಸರಿಯಾದುದನ್ನೇ ಹೇಳಬೇಕು.

ಉತ್ತರ: ಎಲ್ಲ ಸಲವೂ ಜೊತೆಜೊತೆಗೆ ಸಾಗಲಾಗದು ಸರ್. ವೇಗ ತೀರಾ ತಗ್ಗಿದರೆ ರೆಕ್ಕೆಗೆ ಎತ್ತುವ ಬಲ ಸಾಲದು. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಚು ಪಟ್ಟಿ) ಇಳಿಸಿ, ಮೂತಿ ಮೇಲೆತ್ತಿ ಆದಷ್ಟು ನಿಧಾನಿಸುತ್ತಾರೆ. ಆಗಲೂ ಮುಂದೆ ಹೋದರೆ ಅಂಕುಡೊಂಕಾಗಿ ಹಾರುತ್ತಾರೆ, ಇಲ್ಲವೇ ಸುತ್ತುಹಾಕಿ ಮತ್ತೆ ಮತ್ತೆ ಪಕ್ಕದಲ್ಲಿ ಹಾದುಹೋಗುತ್ತಾರೆ.

ಇನ್ನೊಬ್ಬರು: ಮಗಳಿಗೆ ಸಂಕೇತವನ್ನೂ ಹೇಳಿಕೊಡಿ. ಜೆಟ್ ಸಾಮಾನ್ಯವಾಗಿ ಎಡಗಡೆ, ತುಸು ಮುಂದೆ ಬಂದು ರೆಕ್ಕೆ ಅಲುಗಿಸಿದರೆ ‘ನನ್ನ ಹಿಂದೆ ಬಾ’ ಎಂದರ್ಥ. ಸಣ್ಣ ವಿಮಾನವೂ ರೆಕ್ಕೆ ಅಲುಗಿಸಿ ಹಿಂಬಾಲಿಸಬೇಕು, ರೇಡಿಯೊದ ತುರ್ತು ತರಂಗಾಂತರ 121.5 ಮೆಗಾಹರ್ಟ್ಸ್‌ನಲ್ಲಿ ಸಂಪರ್ಕಿಸಬೇಕು.

ಮತ್ತೊಬ್ಬರು: ತಡೆಯಬೇಕಾದದ್ದು ಹೆಲಿಕಾಪ್ಟರ್ ಆದರೆ ಜೆಟ್ ಬರುವುದು ಬಲಗಡೆ.