ಸಹಾಯ ಬೇಕು: ನೋರ್ಡ್‌ವೈಕ್ ಸುತ್ತಮುತ್ತ ಬಾಡಿಗೆ ಮನೆ

ಎಲ್ಲರಿಗೂ ನಮಸ್ಕಾರ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ತಂತ್ರಜ್ಞಾನ ಕೇಂದ್ರವಿರುವ ಊರು ನೆದರ್‌ಲ್ಯಾಂಡ್ಸಿನ ನೋರ್ಡ್‌ವೈಕ್. ಇಲ್ಲಿಯ ಕಂಪನಿಯೊಂದರಲ್ಲಿ ನನ್ನ ಹೆಂಡತಿಗೆ ಕೆಲಸ ಸಿಕ್ಕಿದೆ. ಸದ್ಯ ಮರಳುದಿಬ್ಬಗಳ ಹಿಂದಿನ ಪ್ರವಾಸಿಗರ ಮರದ ಮನೆಯೊಂದರಲ್ಲಿದ್ದೇವೆ. ಕಡಲಗಾಳಿಗೆ ಗೋಡೆಗಳು ಒದ್ದೆಯಾಗಿ ಬೂಸ್ಟು ಹಿಡಿದಿದೆ, ಎರಡು ವರ್ಷದ ಮಗಳ ಕೆಮ್ಮು ನಿಲ್ಲುತ್ತಿಲ್ಲ. ಬೇಸಿಗೆಯ ಪ್ರವಾಸಿಗರು ಬರುವ ಮೊದಲು, ಮಾರ್ಚ್ ಕೊನೆಗೆ ಖಾಲಿ ಮಾಡಬೇಕು. ಈ ವಿಳಾಸವನ್ನು ಪುರಸಭೆಯಲ್ಲಿ ನೋಂದಾಯಿಸಬೇಡಿ ಎಂದು ಮಾಲೀಕರು ಹೇಳುತ್ತಾರೆ. ನೋಂದಣಿಯಿಲ್ಲದೆ ನಾಗರಿಕ ಸೇವಾ ಸಂಖ್ಯೆ ಸಿಗದು, ಆ ಸಂಖ್ಯೆಯಿಲ್ಲದೆ ಸಂಬಳ, ವಿಮೆ ಯಾವುದೂ ಸರಿಹೋಗದು. ಮಾಲೀಕರ ಮಾತನ್ನು ಮೀರಿ ನೋಂದಾಯಿಸಿದವರು ಇಲ್ಲಿದ್ದಾರೆಯೇ?

ಇನ್ನೊಂದು ಮನೆ ಸಿಕ್ಕಿದೆ, ಆದರೆ ಮೂರು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುತ್ತಿದ್ದಾರೆ. 2023ರ ಜುಲೈನಿಂದ ಎರಡು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಮುಂಗಡ ಕಂಡವನಿಗೆ ಇದು ದೊಡ್ಡದೆನಿಸದು, ಆದರೂ ಕಾನೂನು ಕಾನೂನೇ. ಈಗಲೇ ಹೇಳಿದರೆ ಮನೆ ಕೈತಪ್ಪುವ ಭಯ. ಮೊದಲು ಒಪ್ಪಿ, ಆಮೇಲೆ ಬಾಡಿಗೆ ನ್ಯಾಯಮಂಡಳಿಗೋ ಪುರಸಭೆಗೋ ದೂರು ಕೊಟ್ಟವರ ಅನುಭವವೇನು?

ನೋರ್ಡ್‌ವೈಕ್‌ಗೆ ರೈಲು ನಿಲ್ದಾಣವಿಲ್ಲ. ಹಾಗಾಗಿ ಫೋರ್‌ಹೌಟ್, ಸಾಸೆನ್‌ಹೈಮ್, ಲೈಡನ್ ಕಡೆ ಎರಡು ಕೋಣೆಯ ಮನೆಯಿದ್ದರೂ ದಯವಿಟ್ಟು ತಿಳಿಸಿ. ನೋಂದಣಿಗೆ ಅವಕಾಶವಿರಬೇಕು, ಗೋಡೆ ಒಣಗಿರಬೇಕು. ಅಷ್ಟು ಸಾಕು.